ದೊಡ್ಡ ಊರಿಗೆ ಹೋಗಿಬಂದರೆ ಯೋಚನೆ ನಿಜವಾಗಿಯೂ ಬದಲಾಗುತ್ತಾ?

ಬದಲಾಗುತ್ತದೆ, ಆದರೆ ಎತ್ತರದ ಕಟ್ಟಡ ನೋಡಿ ಅಲ್ಲ. ಮುಂಬೈಯನ್ನೇ ತಗೊಳ್ಳಿ. ಗೇಟ್‌ವೇ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬಂದರೆ ಸುಮ್ನೆ ಖರ್ಚು ಅಷ್ಟೇ.

ಲೋಕಲ್ ರೈಲು ಹತ್ತಿ. (ಮೊದಲ ಸಲವೇ ವಿರಾರ್ ಫಾಸ್ಟ್, ಅಂದರೆ ವಿರಾರ್ ಕಡೆ ಹೋಗುವ, ಕೆಲವೇ ಕಡೆ ನಿಲ್ಲುವ ರೈಲು ಬೇಡ, ಆ ಜನಜಂಗುಳಿಯಲ್ಲಿ ನಡುವೆ ಇಳಿಯೋದೇ ಕಷ್ಟ.) ಮೂವರ ಸೀಟಿನಲ್ಲಿ ಸರಿದು ನಾಲ್ಕನೆಯವರಿಗೂ ಜಾಗ ಮಾಡಿಕೊಡುತ್ತಾರೆ. ನಮ್ಮ ಕಡೆ ಮೊದಲ ಪ್ರಶ್ನೆ "ಯಾರ ಮನೆಯವರು?" ಅಲ್ವಾ? ಅಲ್ಲಿ "ಎಲ್ಲಿ ಇಳೀತೀರಿ?" ಅಷ್ಟೇ.

ಧಾರಾವಿಯನ್ನು ಬರೀ ಕೊಳೆಗೇರಿ ಅಂದುಕೊಂಡಿರುತ್ತೇವೆ. ಒಳಗೆ ಹೋದರೆ ಒಂದು ಗಲ್ಲಿಯಲ್ಲಿ ಚರ್ಮದ ಬ್ಯಾಗ್ ಹೊಲಿಯುತ್ತಿರುತ್ತಾರೆ, ಇನ್ನೊಂದರಲ್ಲಿ ಹಳೇ ಪ್ಲಾಸ್ಟಿಕ್ಕನ್ನು ಬಣ್ಣ ನೋಡಿ ಬೇರೆ ಮಾಡಿ ಪುಡಿ ಮಾಡುತ್ತಿರುತ್ತಾರೆ. ಕುಂಭಾರವಾಡದಲ್ಲಿ ಗುಜರಾತಿನಿಂದ ಬಂದ ಕುಂಬಾರರ ಆವಿಗೆಗಳು ಮನೆ ಬಾಗಿಲಲ್ಲೇ ಉರಿಯುತ್ತವೆ. ಬಡತನ ಇದೆ, ಆದರೆ ಕೈಕಟ್ಟಿ ಕೂತವರು ಕಡಿಮೆ.

ಕನ್ನಡಿಗರಿಗೆ ಇನ್ನೊಂದು ಪಾಠ ಜಾಸ್ತಿ ಸಿಗುತ್ತದೆ. ಮಾಟುಂಗಾದಲ್ಲಿರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಶುರುವಾಗಿದ್ದು 1926ರಲ್ಲಿ. ಕರಾವಳಿಯಿಂದ ಹೋದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಮೇಲೆ ಬಂದರು. 1960ರ ದಶಕದಲ್ಲಿ ಶಿವಸೇನೆ ದಕ್ಷಿಣದವರ ವಿರುದ್ಧ ಎದ್ದಾಗ ಉಡುಪಿ ಹೋಟೆಲುಗಳೂ ಏಟು ತಿಂದವು. "ಹೊರಗಿನವರು" ಅಂತ ಬೆಂಗಳೂರಿನಲ್ಲಿ ಕೂತು ಬೈಯುವುದು ಸುಲಭ. ಅಲ್ಲಿ ಹೊರಗಿನವರು ನಾವೇ.

ಎರಡು ದಿನಕ್ಕೆ ಇದೆಲ್ಲ ಕಾಣಲ್ಲ. ವಾರವಾದರೂ ಇರಿ, ಟ್ಯಾಕ್ಸಿ ಬಿಟ್ಟು ಬೆಸ್ಟ್ (BEST, ಅಲ್ಲಿನ ನಗರ ಸಾರಿಗೆ) ಬಸ್ಸಿನಲ್ಲಿ ಓಡಾಡಿ.