ತೋಟ ಮಾರಿಬಿಡುತ್ತೇನೆ ಎಂದ ಯಜಮಾನರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರರು, ವಯಸ್ಸು 49. ನಮ್ಮ ಆಪ್ತಸಲಹೆಗೆ ಮೊದಲು ಬಂದವರು ಅವರ ಹೆಂಡತಿ. ಗಂಡನ ಕಾಲೇಜು ಗೆಳೆಯನೊಬ್ಬ ಹೃದಯಾಘಾತದಿಂದ ತೀರಿಕೊಂಡಿದ್ದ. ಆಮೇಲಿನ ಮಳೆಗಾಲದಲ್ಲಿ ಇವರು ಮದ್ದು ಹೊಡೆಸಲು ಕೊನೆಗೌಡನನ್ನು (ಅಡಿಕೆ ಮರ ಹತ್ತುವ ಕೆಲಸಗಾರನನ್ನು) ಕರೆಯಲೇ ಇಲ್ಲ; ಕೊಳೆರೋಗ ಬಂದು ಫಸಲು ಉದುರಿತು. ಬೆಳೆಸಾಲದ ದುಡ್ಡಿನಲ್ಲಿ ಎರಡು ಲಕ್ಷದ ಬೈಕ್ ಬಂತು. ಸಂಜೆ ಪೇಟೆಯಲ್ಲಿ ಕುಡಿತ, ರಾತ್ರಿ ಒಂದರವರೆಗೆ ಜಗಲಿಯಲ್ಲಿ ಕುಳಿತು ಹಳೆಯ ಸಹಪಾಠಿ ಮಹಿಳೆಯೊಬ್ಬರ ಜತೆ ಚಾಟಿಂಗ್. ‘ಎಂತಾ ಆಜು?’ (ಏನಾಗಿದೆ?) ಎಂದು ಕೇಳಿದರೆ ಎದ್ದು ಹೋಗುತ್ತಾರೆ. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಊರಿಗೆ ಬರುವ ಮನಸ್ಸಿಲ್ಲ. ಹಾಗಾಗಿ ತೋಟ ಮಾರಿ ಅಲ್ಲೇ ಮೆಸ್ ಹಾಕುವುದು ಯಜಮಾನರ ಹಟ. ಮಗಳು ದ್ವಿತೀಯ ಪಿಯುಸಿ. ಮನೆಯ ಅಜ್ಜನಿಗೆ 81.

‘ಐವತ್ತರ ಹುಚ್ಚು’ ಎಂದು ನೆಂಟರು ಷರಾ ಬರೆದಾಗಿತ್ತು. ‘ಮಿಡ್‌ಲೈಫ್ ಕ್ರೈಸಿಸ್’ ಎಂಬ ಹೆಸರು ಬಂದದ್ದು 1965ರಲ್ಲಿ, ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ ಬರೆದ ಲೇಖನದಿಂದ. ವೈದ್ಯರ ರೋಗಪಟ್ಟಿಯಲ್ಲಿ ಅದಿಲ್ಲ. ಪಟ್ಟಿಯಲ್ಲಿರುವ ಖಿನ್ನತೆ, ಮದ್ಯವ್ಯಸನ, ನಿದ್ರಾಹೀನತೆ ಈ ಹೆಸರಿನ ಹಿಂದೆ ಅಡಗಿರುತ್ತವೆ, ಮನೆಯವರು ತಿಂಗಳುಗಟ್ಟಲೆ ಗುಣ-ನಡತೆಯ ಬಗ್ಗೆ ಜಗಳ ಮಾಡುತ್ತಿರುತ್ತಾರೆ. ಗಂಡಸರ ಖಿನ್ನತೆಯಲ್ಲಿ ಅಳುವಿಗಿಂತ ಸಿಟ್ಟು, ಕುಡಿತ, ಹೊಟ್ಟೆಯುಬ್ಬರ, ಬೆನ್ನುನೋವು ಮುಂದೆ ಬರುತ್ತವೆ.

‘ಮನಸ್ಸಿಗೆ ತೋರಿಸಿಕೊಳ್ಳಿ’ ಎಂದರೆ ಇಂಥವರು ಬರುವುದಿಲ್ಲ. ‘ನಿದ್ದೆ ಸರಿಯಿಲ್ಲವಲ್ಲ, ಅದಕ್ಕೊಮ್ಮೆ ಹೋಗಿಬರೋಣ’ ಎನ್ನುವಂತೆ ಹೆಂಡತಿಗೆ ಹೇಳಿಕೊಟ್ಟೆವು. ಬಂದರು.

ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪರೀಕ್ಷೆಯಲ್ಲಿ 27ಕ್ಕೆ 15 ಬಂತು. 10 ಅಥವಾ ಹೆಚ್ಚು ಬಂದರೆ ತಜ್ಞರು ನೋಡಬೇಕು. ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. ‘ಬೆಳಿಗ್ಗೆ ಏಳದೇ ಇದ್ದರೆ ಎಷ್ಟೋ ಆರಾಮು’ ಎಂದರು. ಇಲ್ಲಿ ಮಾತು ತೇಲಿಸಬಾರದು. ಹೇಗೆ, ಯಾವಾಗ ಎಂದು ಯೋಚಿಸಿದ್ದೀರಾ ಎಂದು ನೇರವಾಗಿ ಕೇಳಬೇಕು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಯೋಜನೆಯೇನೂ ಇರಲಿಲ್ಲ. ಆದರೆ ಮನೆಯಲ್ಲಿ ಬೆಳೆರಕ್ಷಣೆಯ ಕೋವಿ ಇತ್ತು, ತೋಟದ ಮನೆಯಲ್ಲಿ ಕಳೆನಾಶಕ. ಲೈಸೆನ್ಸ್ ಇರುವ ಕೋವಿಯನ್ನು ನೆಂಟರ ಮನೆಯಲ್ಲಿ ಇಡುವಂತಿಲ್ಲ. ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ಅದೇ ವಾರ ಮಾಡಿಸಿದೆವು. ಕಳೆನಾಶಕ, ಮೈಲುತುತ್ತು (ತಾಮ್ರದ ಸಲ್ಫೇಟ್) ಎರಡಕ್ಕೂ ಬೀಗ ಬಿದ್ದು ಕೀಲಿ ತಮ್ಮನ ಮನೆಗೆ ಹೋಯಿತು. ಬಿಕ್ಕಟ್ಟು ಜೋರಾಗುವ ಗಳಿಗೆ ಚಿಕ್ಕದು, ಆಗ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಅನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆವು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕಡಿಮೆ ನಿದ್ದೆ, ದುಂದುವೆಚ್ಚ ಎರಡೂ ಇದ್ದಾಗ ಇನ್ನೊಂದು ಪ್ರಶ್ನೆ ಬಿಡಬಾರದು: ನಿದ್ದೆಗೆಟ್ಟ ಮರುದಿನ ಹುರುಪೋ ಸುಸ್ತೋ? ಹುರುಪಾದರೆ ಬೈಪೋಲಾರ್ (ಖಿನ್ನತೆಯ ಜತೆಗೆ ಅತಿಹುರುಪಿನ ಉನ್ಮಾದವೂ ಬರುವ ಕಾಯಿಲೆ) ಇರಬಹುದು, ಆಗ ಬರೀ ಖಿನ್ನತೆಯ ಮಾತ್ರೆ ಉನ್ಮಾದಕ್ಕೆ ತಿರುಗಿಸಬಲ್ಲದು. ಇವರಿಗೆ ಸುಸ್ತು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್, ಸಕ್ಕರೆ ಸರಿ ಇದ್ದವು. ಬಿ12 ಕಡಿಮೆ, ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯ. ‘ಶಕ್ತಿ’ ಬರಲೆಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುವ ಯೋಚನೆ ಅವರಿಗಿತ್ತು. ಗಂಡಸರಲ್ಲಿ ಆ ಹಾರ್ಮೋನು ಮೆಲ್ಲಗೆ ಇಳಿಯುತ್ತದೆ, ಹೆಂಗಸರ ಮುಟ್ಟು ನಿಂತಂತೆ ಒಮ್ಮೆಲೇ ಅಲ್ಲ. ಬೆಳಿಗ್ಗೆ ಹತ್ತರೊಳಗೆ, ಬೇರೆ ಬೇರೆ ದಿನ ಎರಡು ಸಲ ಪರೀಕ್ಷಿಸಿ ಕಡಿಮೆ ಬಂದರೆ ಮಾತ್ರ ಆ ಮಾತು.

ಮನೋವೈದ್ಯರು ಮಾತ್ರೆ ಬರೆದರು. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು ಮಾತ್ರ ಮೊದಲ ದಿನದಿಂದಲೇ. ಹಲವರು ನಡುವೆ ಬಿಡುವುದು ಇದಕ್ಕೇ. ಇವರೂ ಮೂರನೇ ವಾರ ಬಿಟ್ಟರು, ಕುಡಿತ ಮರಳಿತು. ‘ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ’ ಎಂದು ಅಜ್ಜ ದಿನಾ ಅನ್ನುತ್ತಿದ್ದುದೂ ಸೇರಿತು. ವೈದ್ಯರು ಮಾತ್ರೆಯನ್ನು ಊಟದ ನಂತರಕ್ಕೆ ಬದಲಿಸಿದರು. ಅಜ್ಜನಿಗೆ ತೋಟದ ಲೆಕ್ಕಪುಸ್ತಕ ನೋಡುವ ಕೆಲಸ ಒಪ್ಪಿಸಿದ ಮೇಲೆ ಟೀಕೆ ತಗ್ಗಿತು. ನಿದ್ದೆಗೆ ಒಂದೇ ಕಟ್ಟುನಿಟ್ಟು: ಎಷ್ಟೇ ತಡವಾಗಿ ಮಲಗಲಿ, ಐದೂವರೆಗೆ ಏಳುವುದು. ರಾತ್ರಿ ಫೋನಿನ ಚಾರ್ಜರ್ ಅಡುಗೆಮನೆಯಲ್ಲಿ. ಎದ್ದ ಮೇಲೆ ಮನಸ್ಸಿರಲಿ, ಇಲ್ಲದಿರಲಿ, ತೋಟಕ್ಕೆ ಅರ್ಧ ಗಂಟೆ. ಖಿನ್ನತೆಯಲ್ಲಿ ಉತ್ಸಾಹ ಕೆಲಸದ ಹಿಂದಿನಿಂದ ಬರುತ್ತದೆ.

ಅತಿ ಮುಖ್ಯ ಸಲಹೆ, ಆರು ತಿಂಗಳು ಯಾವ ಕಾಗದಕ್ಕೂ ಸಹಿ ಇಲ್ಲ. ಮಾರಾಟ, ಹೊಸ ಸಾಲ, ವಿಚ್ಛೇದನ ಯಾವುದೂ. ಕನಸಿಗೆ ನಗಬೇಡಿ ಎಂದು ಮನೆಯವರಿಗೂ ಹೇಳಿದೆವು. ಮಗನ ರೂಮಿನಲ್ಲಿ ಹದಿನೈದು ದಿನ ಇದ್ದು, ಮೆಸ್ಸಿನ ಬಾಡಿಗೆ, ಮುಂಗಡ, ಅಡುಗೆಯವರ ಸಂಬಳ, ಗ್ಯಾಸ್ ಖರ್ಚು ಬರೆದುಕೊಂಡು ಬರಲಿ ಎಂದೆವು. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಅವಿಭಕ್ತ ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ವಕೀಲರನ್ನು ಕೇಳದೆ ಮುಂಗಡ ತೆಗೆದುಕೊಂಡರೆ ಜಗಳ ಕೋರ್ಟಿಗೆ ಹೋಗುತ್ತದೆ.

‘ಅಪ್ಪಯ್ಯನಿಗೆ ಊಟಕ್ಕೆ ಬರಲು ಹೇಳು’, ‘ಆಯಿಗೆ ಬೇಡ ಅನ್ನು’: ಗಂಡ-ಹೆಂಡತಿಯ ಮಾತೆಲ್ಲ ಮಗಳ ಮೂಲಕ ಓಡಾಡುತ್ತಿತ್ತು. ಪರೀಕ್ಷೆಯ ವರ್ಷ ಆ ಹುಡುಗಿಯ ಮೇಲೆ ಹೇರಿದ ಈ ಹೊರೆ ಇಡೀ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ನೋಯಿಸಿತು. ಅದನ್ನು ಅಂದೇ ನಿಲ್ಲಿಸಿದೆವು. ‘ನನಗೆ ಹುಷಾರಿಲ್ಲ ಮಗಾ, ಔಷಧಿ ತಗೊಳ್ತಾ ಇದ್ದೇನೆ. ನಿನ್ನಿಂದ ಆದದ್ದಲ್ಲ. ನೀ ಓದಿಕೋ’ ಎಂದು ತಂದೆಯೇ ಹೇಳಿದರು.

ದಂಪತಿಗೆ ವಾರಕ್ಕೆರಡು ಸಲ ಇಪ್ಪತ್ತು ನಿಮಿಷ ಮಾತು, ಹತ್ತು ನಿಮಿಷ ಒಬ್ಬರದು, ನಡುವೆ ಬಾಯಿ ಹಾಕುವಂತಿಲ್ಲ. ರಾತ್ರಿಯ ಚಾಟಿಂಗ್ ಪೂರ್ತಿ ನಿಲ್ಲಬೇಕು, ಹಾಗೆಂದು ಆ ಮಹಿಳೆಗೆ ತಾವೇ ತಿಳಿಸಬೇಕು ಎಂದು ಯಜಮಾನರಿಗೆ ಸ್ಪಷ್ಟಪಡಿಸಿದೆವು. ಖಿನ್ನತೆ ಕಾರಣವಾಗಬಹುದು, ಹೆಂಡತಿಗಾದ ನೋವು ಅದರಿಂದ ಅಳಿಸುವುದಿಲ್ಲ. ಆಕೆಗೆ 46, ಮುಟ್ಟು ಏರುಪೇರಾಗಿ, ರಾತ್ರಿ ಬೆವತು, ಆಕೆಯದೂ ನಿದ್ದೆ ಕೆಟ್ಟಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಸ್ತ್ರೀರೋಗ ತಜ್ಞರಲ್ಲಿಗೆ ಕಳಿಸಿ, ಆಕೆಗೇ ಪ್ರತ್ಯೇಕ ಸಮಯ ಕೊಟ್ಟೆವು.

ನಾಲ್ಕನೇ ತಿಂಗಳಿಗೆ ಪಿಎಚ್‌ಕ್ಯೂ-9 ಅಂಕ 6ಕ್ಕೆ ಇಳಿಯಿತು. ಬೆಂಗಳೂರಿನ ಲೆಕ್ಕ ನೋಡಿದ ಮೇಲೆ ಮೆಸ್ಸಿನ ಮಾತು ಸದ್ಯಕ್ಕೆ ನಿಂತಿದೆ. ತೋಟದ ಒಂದು ಭಾಗವನ್ನು ತಮ್ಮನಿಗೆ ನೋಡಿಕೊಳ್ಳಲು ಬಿಡುವ ಯೋಚನೆ ನಡೆದಿದೆ. ಮಾತ್ರೆಯನ್ನು ಸುಧಾರಿಸಿದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ವೈದ್ಯರ ಮಾತಿನಂತೆ ಹಂತಹಂತವಾಗಿ ಇಳಿಸಬೇಕು. ಹೆಂಡತಿ ಇನ್ನೂ ಪೂರ್ತಿ ನಂಬಿಲ್ಲ. ಆಕೆಯ ಭೇಟಿಗಳು ಮುಂದುವರಿದಿವೆ.