ಎಣ್ಣೆ ಡಬ್ಬಿಗೆ ಒಂದು ಚಮಚ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ 48 ವರ್ಷ. ತೂಕ ಇಳಿಸಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು ಸೇರಿ ಐದು ಜನ. ಇವರೊಬ್ಬರಿಗೆ ಓಟ್ಸ್, ಸಲಾಡ್ ಅಂತ ಬೇರೆ ಅಡುಗೆ ಮಾಡಿ ಸಾಕಾಗಿದೆ. ಅವರೂ ಎರಡು ದಿನ ತಿಂದು ಮೂರನೇ ದಿನ ತಟ್ಟೆ ತಳ್ಳುತ್ತಾರೆ. ಏನು ಮಾಡಲಿ?
(ಗೃಹಿಣಿ, ತುಮಕೂರು)

ಉತ್ತರ: ಬೇರೆ ಅಡುಗೆ ಮಾಡೋದನ್ನು ಇವತ್ತೇ ನಿಲ್ಲಿಸಿ. ನಿಮಗೂ ಕಷ್ಟ, ಅವರಿಗೂ ಶಿಕ್ಷೆ. ದಿನಾ ಮಾಡುವ ಮುದ್ದೆ, ಸಾರು, ಪಲ್ಯ, ಮಜ್ಜಿಗೆಯೇ ಸಾಕು, ಆದರೆ ಮೂರು ಕಡೆ ಅಳತೆ ಬರಬೇಕು: ಎಣ್ಣೆ, ಕಾಯಿ, ಅನ್ನ.

ಎಣ್ಣೆಯಿಂದ ಶುರು ಮಾಡಿ. ಅಕ್ಕಿ, ಬೇಳೆಯಲ್ಲಿರುವ ಪಿಷ್ಟ, ಪ್ರೋಟೀನು ಒಂದು ಗ್ರಾಮಿಗೆ 4 ಕ್ಯಾಲೊರಿ ಕೊಟ್ಟರೆ ಎಣ್ಣೆ 9 ಕೊಡುತ್ತದೆ. ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆ ಅಂದ್ರೆ ಸುಮಾರು 120 ಕ್ಯಾಲೊರಿ. ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿದಾಗ ಮೂರು ಚಮಚ ಬಿತ್ತೋ ಐದು ಬಿತ್ತೋ ಯಾರಿಗೂ ಗೊತ್ತಾಗಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2000 ಕ್ಯಾಲೊರಿಯ ದಿನದ ಊಟಕ್ಕೆ ಒಂದು ಲೆಕ್ಕ ಕೊಟ್ಟಿದ್ದಾರೆ, ಅದರಲ್ಲಿ ಎಣ್ಣೆ, ತುಪ್ಪ ಎಲ್ಲಾ ಸೇರಿ ಒಬ್ಬರಿಗೆ 27 ಗ್ರಾಂ. ಐದು ಜನಕ್ಕೆ ತಿಂಗಳಿಗೆ ಸುಮಾರು ನಾಲ್ಕೂವರೆ ಲೀಟರ್ ಆಯಿತು. ನಿಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಪ್ಯಾಕೆಟ್ ಖಾಲಿಯಾಗುತ್ತೆ ಅಂತ ಈ ತಿಂಗಳು ಸುಮ್ನೆ ಎಣಿಸಿ ನೋಡಿ. ಏಳು, ಎಂಟು ಬಂದರೆ ಎಲ್ಲಿ ಕಡಿಮೆ ಮಾಡಬೇಕು ಅಂತ ಬೇರೆ ಯಾರೂ ಹೇಳಬೇಕಿಲ್ಲ.

ಎಣ್ಣೆ ಡಬ್ಬಿಯ ಪಕ್ಕ ಟೀ ಚಮಚ ಒಂದನ್ನು ಖಾಯಂ ಇಡಿ. ಐದು ಜನರ ಪಲ್ಯದ ಒಗ್ಗರಣೆಗೆ ಆ ಚಮಚದಲ್ಲಿ ಮೂರು ಸಾಕು. ಸಾಸಿವೆ ಸಿಡಿದ ಮೇಲೆ ತರಕಾರಿ ಹಾಕಿ, ನೀರು ಚಿಮುಕಿಸಿ, ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಬೀನ್ಸ್, ಹೀರೆಕಾಯಿ, ಎಲೆಕೋಸು ಹೀಗೇ ಚೆನ್ನಾಗಿ ಬೇಯುತ್ತವೆ. ತೊಂಡೆಕಾಯಿ, ಬೆಂಡೆಕಾಯಿಗೆ ಮಾತ್ರ ಸ್ವಲ್ಪ ತಾಳ್ಮೆ ಬೇಕು.

ಕಾಯಿ ಬಗ್ಗೆ ಹೇಳಿದರೆ ಬಹಳ ಜನಕ್ಕೆ ಬೇಜಾರಾಗುತ್ತೆ, ಗೊತ್ತು. ಕಲ್ಪತರು ನಾಡಿನವರಿಗೆ ಕಾಯಿ ಬಿಡಿ ಅಂತ ನಾನು ಹೇಳಲ್ಲ. ಆದರೆ ಹಸಿ ತೆಂಗಿನಕಾಯಿಯ ಮೂರರಲ್ಲಿ ಒಂದು ಪಾಲು ಬರೀ ಕೊಬ್ಬು, 100 ಗ್ರಾಮಿಗೆ 350 ಕ್ಯಾಲೊರಿ ದಾಟುತ್ತದೆ. ಬೆಳಿಗ್ಗೆ ಚಟ್ನಿಗೂ ಕಾಯಿ, ಮಧ್ಯಾಹ್ನ ಹುಳಿಗೂ ಕಾಯಿ, ಪಲ್ಯದ ಮೇಲೂ ಕಾಯಿತುರಿ ಅಂತಾದರೆ ಜಾಸ್ತಿ ಆಯಿತು, ಅಲ್ವಾ? ದಿನಕ್ಕೆ ಒಂದೇ ಅಡುಗೆಗೆ ಇರಲಿ. ಹುಳಿ ಗಟ್ಟಿಯಾಗಬೇಕಾದರೆ ಬೇಳೆ ಒಂದು ಹಿಡಿ ಜಾಸ್ತಿ ಹಾಕಿ. ಚಟ್ನಿಗೆ ಹೀರೆಕಾಯಿ ಸಿಪ್ಪೆ ಇದೆ, ಟೊಮೆಟೊ ಇದೆ.

ಬಡಿಸುವ ಕ್ರಮವನ್ನೂ ಬದಲಿಸಿ. ಮೊದಲು ಕೋಸಂಬರಿ, ಪಲ್ಯ ತಟ್ಟೆಯ ಅರ್ಧದಷ್ಟು ಬರಲಿ, ಆಮೇಲೆ ಮುದ್ದೆ ಅಥವಾ ಅನ್ನ. ಅನ್ನಕ್ಕೆ ಬಟ್ಟಲಿನ ಅಳತೆ ಇರಲಿ, ಒಂದು ಸಣ್ಣ ಬಟ್ಟಲು ಅನ್ನ ಸುಮಾರು 200 ಕ್ಯಾಲೊರಿ. ಅದೇ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು. ನಮ್ಮ ಮನೆಗಳಲ್ಲಿ ಪಲ್ಯ ಉಪ್ಪಿನಕಾಯಿ ಥರ ಒಂದು ಮೂಲೆಯಲ್ಲಿ ಕೂತಿರುತ್ತೆ, ಅದು ಬದಲಾಗಬೇಕು. ಅತ್ತೆಯವರು ಪ್ರೀತಿಯಿಂದ ತುಪ್ಪ ಬಡಿಸಿದರೆ ಬೇಡ ಅನ್ನಬೇಡಿ, ಒಂದು ಟೀ ಚಮಚ ಅಂತ ಅವರಿಗೇ ಹೇಳಿಡಿ. ಇದೇ ಊಟ ಮಕ್ಕಳಿಗೂ ಆಗುತ್ತದೆ. ಅವರಿಗೆ ಬೇಕಾದರೆ ಮೊಸರು, ಬೇಳೆ ಜಾಸ್ತಿ ಬಡಿಸಿ.

ಪ್ರಶ್ನೆ: ಮುದ್ದೆ ತಿಂದರೆ ತೂಕ ಇಳಿಯುತ್ತೆ ಅಂತಾರೆ. ಆರು ತಿಂಗಳಿಂದ ರಾತ್ರಿ ಎರಡು ಮುದ್ದೆ, ಮೇಲೆ ಸ್ವಲ್ಪ ಅನ್ನ ತಿಂತಿದ್ದೀನಿ. ಏನೂ ಇಳಿದಿಲ್ಲ.
(ಓದುಗರು, ಮಂಡ್ಯ)

ಉತ್ತರ: ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 350ರ ಆಸುಪಾಸು. ದೊಡ್ಡ ವ್ಯತ್ಯಾಸ ಏನಿಲ್ಲ. ರಾಗಿಯ ಲಾಭ ಬೇರೆ ಕಡೆ ಇದೆ, ಅದರಲ್ಲಿ ನಾರು ಅಕ್ಕಿಗಿಂತ ಮೂರು ಪಟ್ಟು ಜಾಸ್ತಿ, ಸುಣ್ಣದ ಅಂಶವಂತೂ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ನಾರು ಇರೋದರಿಂದ ಹೊಟ್ಟೆ ಬೇಗ ತುಂಬುತ್ತೆ, ಬೇಗ ಹಸಿಯಲ್ಲ. ಆದ್ದರಿಂದ ಒಂದು ಮುದ್ದೆ ಸಾಕು, ಜೊತೆಗೆ ಸೊಪ್ಪಿನ ಬಸ್ಸಾರು, ಅದರ ಪಲ್ಯ ಜಾಸ್ತಿ ಇರಲಿ. ಅನ್ನ ಬಿಟ್ಟು ಒಂದು ಲೋಟ ಮಜ್ಜಿಗೆ ಕುಡಿಯಿರಿ.

ಪ್ರಶ್ನೆ: ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ಮೂರು ಹೊತ್ತೂ ಹೊರಗಿನ ತಿಂಡಿ, ಊಟ. ಎರಡು ವರ್ಷದಲ್ಲಿ 9 ಕೆಜಿ ಏರಿದ್ದೇನೆ. ಅಡುಗೆ ಮಾಡಲು ಜಾಗ ಇಲ್ಲ. ದರ್ಶಿನಿಯಲ್ಲಿ ನಾನು ಏನು ತಿನ್ನಬಹುದು?
(ಖಾಸಗಿ ಕಂಪನಿ ಉದ್ಯೋಗಿ, ಬೆಂಗಳೂರು)

ಉತ್ತರ: ದರ್ಶಿನಿಯಲ್ಲಿ ತಿನ್ನಲು ಬೇಕಾದಷ್ಟಿದೆ, ಗಾಬರಿ ಬೇಡ. ಇಡ್ಲಿಗೆ ಎಣ್ಣೆಯೇ ಬೇಡ, ಹಬೆಯಲ್ಲಿ ಬೆಂದದ್ದು, ಹಿಟ್ಟು ಹುದುಗಿದ್ದು. ಎರಡು ಇಡ್ಲಿ, ಸಾಂಬಾರು ಎರಡು ಸಲ ಹಾಕಿಸಿಕೊಳ್ಳಿ, ಚಟ್ನಿ ಸ್ವಲ್ಪ. ಕೌಂಟರಿನಲ್ಲಿ ಬಾಯಿಗೆ ತಾನಾಗೇ ಬರುವ ‘ಇಡ್ಲಿ ವಡೆ’ಯಲ್ಲಿ ವಡೆ ವಾರಕ್ಕೊಮ್ಮೆ ಸಾಕು. ದೋಸೆ ಬೇಕೇಬೇಕು ಅನ್ನಿಸಿದರೆ ಸಾದಾ ದೋಸೆ ಹೇಳಿ, ಕಾವಲಿ ಹತ್ತಿರ ಇರುವವರಿಗೆ ‘ಎಣ್ಣೆ ಕಮ್ಮಿ ಹಾಕಿ ಅಣ್ಣ’ ಅನ್ನಿ. ಕೇಳಿದರೆ ಖಂಡಿತ ಮಾಡಿಕೊಡುತ್ತಾರೆ, ನಾವು ಕೇಳಲ್ಲ ಅಷ್ಟೇ. ಪೂರಿ, ಚೌಚೌ ಬಾತ್ ದಿನಾ ಬೇಡ.

ಮಧ್ಯಾಹ್ನ ಪುಳಿಯೋಗರೆ, ವಾಂಗಿಬಾತ್, ಪಲಾವ್ ಅಂತ ಒಂದೇ ಐಟಂ ತಿನ್ನುವವರು ನಿಮ್ಮಲ್ಲಿ ಜಾಸ್ತಿ. ಅದರಲ್ಲಿ ಅನ್ನ, ಎಣ್ಣೆ ಬಿಟ್ಟರೆ ತರಕಾರಿ ಹುಡುಕಬೇಕು. ಅದರ ಬದಲು ಊಟ ತೆಗೆದುಕೊಳ್ಳಿ, ಪಲ್ಯ ಇನ್ನೊಂದು ಸಲ ಕೇಳಿ, ಚಪಾತಿ ಅಥವಾ ಅನ್ನ ಎರಡರಲ್ಲಿ ಒಂದು ಇಟ್ಟುಕೊಂಡು ಹಪ್ಪಳ ಬಿಡಿ.

ಈಗ ಕಾಫಿ. ನಿಮ್ಮ ಪತ್ರದಲ್ಲಿ ದಿನಕ್ಕೆ ನಾಲ್ಕು ಕಾಫಿ ಅಂತ ಬರೆದಿದ್ದೀರಿ. ಒಂದೊಂದಕ್ಕೆ ಎರಡು ಟೀ ಚಮಚ ಸಕ್ಕರೆ ಅಂದರೂ ದಿನಕ್ಕೆ 30 ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು. ನಮ್ಮ ಬೆಂಗಳೂರಿನ ಬೈಟು ಕಾಫಿಗಿಂತ ಸುಲಭದ ದಾರಿ ಇನ್ನೊಂದಿಲ್ಲ. ಸ್ನೇಹಿತರ ಜೊತೆ ಬೈಟು ಹೇಳಿ, ಸಕ್ಕರೆ ಬೇರೆ ಕೊಡಿ ಅನ್ನಿ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ಲಾಭ ಇಲ್ಲ, ಕ್ಯಾಲೊರಿ ಎರಡರಲ್ಲೂ ಹತ್ತಿರ ಹತ್ತಿರ ಒಂದೇ.

ಸಂಜೆ ತಳ್ಳುಗಾಡಿಯ ಮುಂದೆ ನಿಂತಾಗ ಎಲ್ಲರೂ ಸೋಲುತ್ತಾರೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧ ತಂದಿತು, ಒಳ್ಳೆಯದೇ ಆಯಿತು. ಆದರೆ ಬಣ್ಣ ಇಲ್ಲದಿದ್ದರೂ ಅದು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದೇ. ಬೇಯಿಸಿದ ಕಡಲೆಕಾಯಿ ಒಂದು ಹಿಡಿ, ಸೀಬೆಹಣ್ಣು, ಸೌತೆಕಾಯಿ, ಇಲ್ಲವೇ ಕ್ಯಾರೆಟ್ ಜಾಸ್ತಿ ಹಾಕಿಸಿದ ಚುರುಮುರಿ ತಿನ್ನಿ. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಒಂದಕ್ಕೆ ಸುಮಾರು 75 ಕ್ಯಾಲೊರಿ, ಆರು ಗ್ರಾಂ ಪ್ರೋಟೀನು ಸಿಗುತ್ತೆ. ಇನ್ನೊಂದು ವಿಷಯ, ಹತ್ತು ಅಥವಾ ಅದಕ್ಕಿಂತ ಜಾಸ್ತಿ ಶಾಖೆ ಇರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕು ಅನ್ನೋ ನಿಯಮ ಇದೆ. ಪಿಜ್ಜಾ, ಬರ್ಗರ್ ಅಂಗಡಿಗೆ ಹೋದಾಗ ಆರ್ಡರ್ ಮಾಡುವ ಮುಂಚೆ ಅದನ್ನು ಓದಿ.

ಪ್ರಶ್ನೆ: ನನಗೆ 19 ವರ್ಷ, 160 ಸೆಂ.ಮೀ. ಎತ್ತರ, 52 ಕೆಜಿ ತೂಕ. ಸಣ್ಣ ಆಗಬೇಕು ಅಂತ ರಾತ್ರಿ ಊಟ ಬಿಟ್ಟಿದ್ದೇನೆ. ಬೆಳಿಗ್ಗೆ ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿಯುತ್ತೇನೆ. ಇದು ಸಾಕಾ?
(ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ನೋಡಮ್ಮ, ನಿನ್ನ ಎತ್ತರಕ್ಕೆ ನಿನ್ನ ತೂಕ ಸರಿಯಾಗಿಯೇ ಇದೆ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ, ಲೆಕ್ಕ ಹಾಕಿದರೆ 20.3 ಬರುತ್ತದೆ. ನಮ್ಮ ದೇಶದವರಿಗೆ 23 ದಾಟಿದ ಮೇಲೆ ಜಾಸ್ತಿ ತೂಕ ಅಂತ ಹೇಳುವುದು. ನೀನು ಇಳಿಸಬೇಕಾದ್ದು ಏನೂ ಇಲ್ಲ. ಜೇನು ನೀರಿಗೆ ಕೊಬ್ಬು ಕರಗಿಸುವ ಶಕ್ತಿ ಇಲ್ಲ, ರುಚಿಗೆ ಬೇಕಾದರೆ ಕುಡಿ. ಇವತ್ತಿನಿಂದಲೇ ರಾತ್ರಿ ಊಟ ಶುರು ಮಾಡು. ಒಂದೆಲಗದ ತಂಬುಳಿ, ಅನ್ನ, ಹೆಸರುಕಾಳಿನ ಪಲ್ಯ ನಿಮ್ಮ ಕಡೆ ಇದ್ದೇ ಇರುತ್ತೆ. ತಲೆಸುತ್ತು ಬಂದರೆ, ಮುಟ್ಟು ತಪ್ಪಿದರೆ ಅಮ್ಮನಿಗೆ ಹೇಳಿ ಡಾಕ್ಟರ ಹತ್ತಿರ ಹೋಗು, ಮುಚ್ಚಿಡಬೇಡ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಗುಳಿಗೆ ತಗೋತೀನ್ರಿ. ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ ಬಿಟ್ರ ಊಟ ಸೇರೂದಿಲ್ಲ.
(ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ರೊಟ್ಟಿ ಯಾಕೆ ಬಿಡಬೇಕು ಸರ್? ಅದಕ್ಕೆ ಎಣ್ಣೆಯೇ ಇಲ್ಲ. ಕಟಕ್ ರೊಟ್ಟಿಯನ್ನು ಮಾತ್ರ ಎಣಿಸಿ ತಿನ್ನಿ, ತೆಳ್ಳಗಿರೋದರಿಂದ ಐದಾರು ಹೋಗಿದ್ದೇ ಗೊತ್ತಾಗಲ್ಲ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ ಇದೆ, ಚಟ್ನಿ ಪುಡಿ ಒಂದು ಚಮಚ ಹಾಕಿಕೊಂಡು ಎಣ್ಣೆ ಬದಲು ಮೊಸರಲ್ಲಿ ಕಲಸಿ. ಎಣ್ಣೆಗಾಯಿ ವಾರಕ್ಕೊಮ್ಮೆ ಇರಲಿ. ಉಳಿದ ದಿನ ಮಡಿಕೆಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಈರುಳ್ಳಿ ಧಾರಾಳವಾಗಿ ತಿನ್ನಿ. ಗುಳಿಗೆ ತೆಗೆದುಕೊಂಡು ಊಟ ಮಾತ್ರ ತಪ್ಪಿಸಬೇಡಿ, ಸಕ್ಕರೆ ಪ್ರಮಾಣ ಒಮ್ಮೆಲೇ ಕುಸಿಯಬಹುದು. ಊಟದ ಅಳತೆ ಬದಲಿಸುವ ಮುಂಚೆ ಗುಳಿಗೆ ಬರೆದುಕೊಟ್ಟ ಡಾಕ್ಟರಿಗೆ ಒಂದು ಮಾತು ತಿಳಿಸಿ.

ಪ್ರಶ್ನೆ: ಮನೆಯಲ್ಲಿ ಚೆನ್ನಾಗಿ ಪಾಲಿಸುತ್ತೇನೆ. ತಿಂಗಳಿಗೆ ಎರಡು ಮದುವೆ, ಎರಡು ಸಲ ಹೋಟೆಲ್. ಅಲ್ಲಿ ಎಲ್ಲಾ ಕೆಡುತ್ತೆ.
(ಬ್ಯಾಂಕ್ ಉದ್ಯೋಗಿ, ಮೈಸೂರು)

ಉತ್ತರ: ತಿಂಗಳಿಗೆ ತೊಂಬತ್ತು ಹೊತ್ತಿನ ಊಟದಲ್ಲಿ ನಾಲ್ಕು ಹೊತ್ತಿನಿಂದ ಎಲ್ಲಾ ಕೆಡಲ್ಲ, ಆ ಬೇಸರ ಬಿಡಿ. ಉತ್ತರ ಭಾರತದ ಊಟದ ಹೋಟೆಲಾದರೆ ಬಟರ್ ನಾನ್ ಬದಲು ಬೆಣ್ಣೆ ಸವರದ ತಂದೂರಿ ರೊಟ್ಟಿ, ಗೋಡಂಬಿ, ಕ್ರೀಮ್ ಹಾಕಿದ ಗ್ರೇವಿ ಬದಲು ದಾಲ್ ಹೇಳಿ. ಮನೆಯವರಿಗೆಲ್ಲ ಪನೀರ್ ಬಟರ್ ಮಸಾಲ ಬೇಕಾದರೆ ಒಂದು ತರಿಸಿ ಹಂಚಿಕೊಳ್ಳಿ. ಸೂಪ್ ನೀರಾಗಿರಲಿ, ಕ್ರೀಮ್ ಸೂಪ್ ಬೇಡ. ಮೀನು ತಿನ್ನುವವರು ರವಾ ಫ್ರೈ ಬಿಟ್ಟು ತವಾ ಫ್ರೈ ಕೇಳಬಹುದು.

ಮದುವೆ ಮನೆಗೆ ಹಸಿದು ಹೋಗಬೇಡಿ, ಹೊರಡುವ ಮುಂಚೆ ಒಂದು ಲೋಟ ಮಜ್ಜಿಗೆ ಕುಡಿಯಿರಿ. ಎಲೆಗೆ ಮೊದಲು ಬರುವ ಕೋಸಂಬರಿ, ಪಲ್ಯ ಎರಡು ಸಲ ಹಾಕಿಸಿಕೊಂಡು ನಿಧಾನವಾಗಿ ತಿನ್ನಿ. ಹೋಳಿಗೆ ಒಂದು ತಿನ್ನಿ, ಮನಸ್ಸು ತುಂಬಿ ತಿನ್ನಿ. ಅದು ತಿಂದ ದಿನ ಚಿತ್ರಾನ್ನ, ಬೋಂಡ ಬಿಡಿ. ಬಡಿಸುವವರು ಎರಡನೇ ಸಲ ಹೋಳಿಗೆ ತಂದಾಗ ಎಲೆಗೆ ಕೈ ಅಡ್ಡ ಹಿಡಿದು ‘ಚೆನ್ನಾಗಿತ್ತು, ಸಾಕು’ ಅನ್ನಿ. ಪಲ್ಯ ಬಂದರೆ ಕೈ ತೆಗೆಯಿರಿ.