ಗೋಡೆ ತುಂಬ ಸರ್ಟಿಫಿಕೇಟು, ಪರೀಕ್ಷೆ ಮಾಡೋರು ಯಾರು?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಈ ಸಲ ಬಂದವುಗಳಲ್ಲಿ ಬಹುಪಾಲು ಒಂದೇ ವಿಷಯ: ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ ಮೂರು ಕೋಣೆ ಹಿಡಿದು ನಡೆಸುವ ‘ಇನ್‌ಸ್ಟಿಟ್ಯೂಟು’ಗಳು. ನಾನು ಸರ್ಕಾರಿ ಐಟಿಐಯಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿ ಸೇರಿ ಪ್ರಾಂಶುಪಾಲೆಯಾಗಿ ನಿವೃತ್ತಳಾದವಳು, ಖಾಸಗಿಯವರ ತಪಾಸಣೆಗೂ ಹೋಗಿ ಬಂದವಳು. ಹಾಗಾಗಿ ಈ ಸಂಚಿಕೆಗೆ ಇವನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾವು ಅರಕಲಗೂಡು ತಾಲ್ಲೂಕಿನವರು. ಮಗಳು ಆರ್ಟ್ಸ್‌ನಲ್ಲಿ ಪಿಯುಸಿ ಪಾಸಾಗಿದ್ದಾಳೆ. ಹಾಸನದ ಒಂದು ಸಂಸ್ಥೆಯವರು ಮನೆಗೇ ಬಂದು ‘ಆರು ತಿಂಗಳ ನರ್ಸಿಂಗ್ ಡಿಪ್ಲೊಮಾ, ಗವರ್ನಮೆಂಟ್ ರಿಜಿಸ್ಟರ್ಡ್, ಕೆಲಸ ಗ್ಯಾರಂಟಿ’ ಅಂದರು. ಶುಂಠಿ ಮಾರಿದ ದುಡ್ಡು ಕೈಯಲ್ಲಿದೆ, 60,000 ರೂಪಾಯಿ ಒಟ್ಟಿಗೇ ಕೇಳುತ್ತಿದ್ದಾರೆ. ಹೋಗಿ ನೋಡಿದೆ, ಗೋಡೆ ಮೇಲೆ ನಾಲ್ಕು ಸರ್ಟಿಫಿಕೇಟು ಫ್ರೇಮ್ ಹಾಕಿಸಿದ್ದಾರೆ. ಕಟ್ಟಬಹುದಾ?

ಉತ್ತರ: ಕಟ್ಟಬೇಡಿ. ಆರು ತಿಂಗಳಲ್ಲಿ ನರ್ಸ್ ಆಗುವ ದಾರಿ ನಮ್ಮ ದೇಶದಲ್ಲಿಲ್ಲ. ಎಎನ್‌ಎಂ (ಸಹಾಯಕ ನರ್ಸ್ ಕೋರ್ಸ್) ಎರಡು ವರ್ಷ, ಜಿಎನ್‌ಎಂ (ಜನರಲ್ ನರ್ಸಿಂಗ್ ಡಿಪ್ಲೊಮಾ) ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಇವುಗಳಲ್ಲಿ ಒಂದನ್ನು ಓದಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರಷ್ಟೇ ನರ್ಸ್. ನಿಮ್ಮ ಮಗಳು ಆರ್ಟ್ಸ್ ಓದಿದ್ದಾಳೆಂದು ಬಾಗಿಲು ಮುಚ್ಚಿಲ್ಲ, ಎಎನ್‌ಎಂ ಮತ್ತು ಜಿಎನ್‌ಎಂಗೆ ಅರ್ಜಿ ಹಾಕಬಹುದು.

ಇನ್ನು ಆ ಗೋಡೆ. ನೀವು ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಮೊದಲನೆಯದು ಐಎಸ್‌ಒ 9001. ಅದು ಆಡಳಿತ ಪದ್ಧತಿಗೆ ಸಿಗುವ ಕಾಗದ, ಬಿಸ್ಕತ್ತು ಕಾರ್ಖಾನೆಗೂ ಸಿಗುತ್ತದೆ, ಪಾಠದ ಬಗ್ಗೆ ಏನೂ ಹೇಳುವುದಿಲ್ಲ. ಎರಡನೆಯದು ಉದ್ಯಮ್ ನೋಂದಣಿ: ‘ನಮ್ಮದೊಂದು ಸಣ್ಣ ಉದ್ಯಮ’ ಎಂದು ಆನ್‌ಲೈನಿನಲ್ಲಿ ತಾವೇ ಬರೆದುಕೊಟ್ಟು ಪಡೆಯುವಂಥದ್ದು, ಶುಲ್ಕವೂ ಇಲ್ಲ. ಮೂರನೆಯದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಪತ್ರ. ನಾಲ್ಕನೆಯದು ನಗರಾಡಳಿತದ ಟ್ರೇಡ್ ಲೈಸೆನ್ಸ್, ಅದೇ ಮಹಡಿಯ ಕೆಳಗಿರುವ ಮೆಡಿಕಲ್ ಶಾಪಿಗೂ ಇರಬೇಕಾದದ್ದು. ನಾಲ್ಕೂ ಅಸಲಿಯೇ ಇರಬಹುದು. ಅದಕ್ಕೇ ‘ಗವರ್ನಮೆಂಟ್ ರಿಜಿಸ್ಟರ್ಡ್’ ಎಂದು ಧೈರ್ಯವಾಗಿ ಹೇಳುತ್ತಾರೆ. ಆದರೆ ನರ್ಸಿಂಗ್ ಕಲಿಸಲು ಅನುಮತಿ ಕೊಟ್ಟ ಕಾಗದ ಅವುಗಳಲ್ಲಿ ಒಂದೂ ಅಲ್ಲ.

ಹೋಗಿ ಹೀಗೆ ಕೇಳಿ: ‘ಪರೀಕ್ಷೆ ಯಾರು ನಡೆಸುತ್ತಾರೆ? ಸರ್ಟಿಫಿಕೇಟಿಗೆ ಯಾರ ಸಹಿ?’ ಪಾಠ ಹೇಳುವವರೇ ಪರೀಕ್ಷೆ ಮಾಡಿ, ಅವರೇ ಸಹಿ ಹಾಕುವುದಾದರೆ, ಆ ಕಾಗದಕ್ಕೆ ಆ ಸಂಸ್ಥೆಯ ಹೆಸರಿಗಿರುವಷ್ಟೇ ಬೆಲೆ. ಹಾಸನದಾಚೆ ಆ ಹೆಸರು ಯಾರಿಗೆ ಗೊತ್ತು?

ಆಸ್ಪತ್ರೆಯಲ್ಲಿ ಬೇಗ ಕೆಲಸಕ್ಕೆ ಸೇರಲೇಬೇಕು ಅನ್ನುವುದಾದರೆ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಕೆಲವೇ ತಿಂಗಳ ಕೋರ್ಸ್ ಇದೆ, ಅದು ಮಾನ್ಯತೆ ಇರುವುದೇ. ರೋಗಿಗಳ ಆರೈಕೆಯ ಕೆಲಸ, ನರ್ಸ್ ಹುದ್ದೆಯಲ್ಲ. ಇಂಥ ಅಲ್ಪಾವಧಿ ಕೋರ್ಸುಗಳ ಮೇಲೆ ಈಗ ಎನ್‌ಸಿವಿಇಟಿ ಎಂಬ ಕೇಂದ್ರ ಪರಿಷತ್ತಿದೆ. 2018ರಲ್ಲಿ ಅಧಿಸೂಚನೆ ಹೊರಬಿದ್ದು 2020ರಿಂದ ಕೆಲಸ ಶುರು ಮಾಡಿತು. ಸರ್ಟಿಫಿಕೇಟ್ ಕೊಡುವ ಸಂಸ್ಥೆ ಬೇರೆ, ಪರೀಕ್ಷಿಸುವ ಏಜೆನ್ಸಿ ಬೇರೆ ಎಂದು ಎರಡನ್ನೂ ಅದು ಪ್ರತ್ಯೇಕವಾಗಿ ಮಾನ್ಯ ಮಾಡುತ್ತದೆ. ನಾನು ಕೇಳಿ ಅಂದ ಪ್ರಶ್ನೆಗೆ ಸರ್ಕಾರವೇ ಕೊಟ್ಟುಕೊಂಡ ಉತ್ತರ ಅದು.

ಪ್ರಶ್ನೆ: ಮಗನನ್ನು ಖಾಸಗಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್‌ಗೆ ಸೇರಿಸಬೇಕೆಂದಿದ್ದೇವೆ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? (ಬೇಲೂರು)

ಉತ್ತರ: ಐಟಿಐಯಲ್ಲಿ ಇದು ಸುಲಭ, ಯಾಕೆಂದರೆ ಇಲ್ಲಿ ಮಾನದಂಡ ಬರವಣಿಗೆಯಲ್ಲಿದೆ. ಒಂದೊಂದು ಟ್ರೇಡಿಗೂ, ಅಂದರೆ ಕಲಿಸುವ ಒಂದೊಂದು ಕಸುಬಿಗೂ, ಎಷ್ಟು ಚದರ ಮೀಟರ್ ವರ್ಕ್‌ಶಾಪ್, ಎಷ್ಟು ಕಿಲೋವ್ಯಾಟ್ ವಿದ್ಯುತ್, ಯಾವ ಯಾವ ಉಪಕರಣ ಎಷ್ಟೆಷ್ಟು, ಕಲಿಸುವವರ ಅರ್ಹತೆ ಏನು, ಎಲ್ಲವೂ ಪಠ್ಯಕ್ರಮದ ಜೊತೆಗೇ ಅಚ್ಚಾಗಿರುತ್ತದೆ. ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ ಅನುಮತಿ ಕೊಡುವುದು ಟ್ರೇಡಿಗೆ ಎಂಬುದನ್ನು ಮರೆಯಬೇಡಿ. ಫಿಟ್ಟರ್‌ಗೆ ಅನುಮತಿ ಇರುವ ಐಟಿಐಗೆ ಎಲೆಕ್ಟ್ರಿಷಿಯನ್‌ಗೂ ಇರಬೇಕೆಂದಿಲ್ಲ. ಸಂಸ್ಥೆಯ ಕೋಡ್ ಕೇಳಿ. ಸರ್ಕಾರಿಯಾದರೆ ‘ಜಿಆರ್’, ಖಾಸಗಿಯಾದರೆ ‘ಪಿಆರ್’, ಅದರ ಮುಂದೆ ಕರ್ನಾಟಕಕ್ಕೆ 29. ಆ ಕೋಡ್ ಹಾಕಿ ಕೇಂದ್ರದ ಕೌಶಲ ಪೋರ್ಟಲ್‌ನಲ್ಲಿ ಹುಡುಕಿದರೆ ಯಾವ ಟ್ರೇಡು, ಎಷ್ಟು ಸೀಟು ಎಂದು ಕಾಣುತ್ತದೆ.

ಅಷ್ಟಾದ ಮೇಲೂ ಒಂದು ಸಲ ಕಣ್ಣಾರೆ ನೋಡಿ. ತಪಾಸಣೆಗೆ ಹೋದ ಒಂದು ಕಡೆ ಲೇತ್ ಮೆಷಿನುಗಳು ಸಾಲಾಗಿ ನಿಂತಿದ್ದವು, ಥಳಥಳ ಬಣ್ಣ. ಬಗ್ಗಿ ನೋಡಿದರೆ ಬುಡದಲ್ಲಿ ಫೌಂಡೇಶನ್ ಬೋಲ್ಟ್ ಇಲ್ಲ. ಗೋಡೆಯಿಂದ ಮೆಷಿನಿಗೆ ವೈರು ಎಳೆದಿಲ್ಲ. ಟ್ರೇಯಲ್ಲಿ ಒಂದು ಚೂರು ಕಬ್ಬಿಣವಿಲ್ಲ. ‘ಈಗಷ್ಟೇ ಸರ್ವಿಸ್ ಮಾಡಿಸಿದ್ದೀವಿ ಮೇಡಂ’ ಅಂದರು. ವಾಪಸ್ ಒಯ್ಯುವ ಲಾರಿ ಕಾಂಪೌಂಡಿನ ಹಿಂದೆಯೇ ನಿಂತಿತ್ತು! ಆದ್ದರಿಂದ ವಾರದ ಮಧ್ಯೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಹೇಳದೆ ಹೋಗಿ. ಹುಡುಗರ ಕೈ ಮಸಿಯಾಗಿದೆಯೋ ನೋಡಿ. ಎಲೆಕ್ಟ್ರಿಷಿಯನ್ ಎರಡು ವರ್ಷದ ಕೋರ್ಸ್. ‘ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಅಂದರೆ ಅಲ್ಲಿಂದಲೇ ಬಸ್ ಹತ್ತಿ.

ಪ್ರಶ್ನೆ: ನಾನು ‘ಡಿಪ್ಲೊಮಾ ಇನ್ ಫೈರ್ ಅಂಡ್ ಸೇಫ್ಟಿ’ಗೆ 85,000 ಕಟ್ಟಿ ಸೇರಿದೆ. ಎರಡು ತಿಂಗಳಾದರೂ ಒಂದು ಪ್ರಾಕ್ಟಿಕಲ್ ಇಲ್ಲ. ಬಿಡುತ್ತೇನೆ ಅಂದರೆ ದುಡ್ಡೂ ಇಲ್ಲ, ಒರಿಜಿನಲ್ ಮಾರ್ಕ್ಸ್ ಕಾರ್ಡೂ ಇಲ್ಲ ಅನ್ನುತ್ತಿದ್ದಾರೆ. (ಚನ್ನರಾಯಪಟ್ಟಣ)

ಉತ್ತರ: ಮೊದಲು ಮಾರ್ಕ್ಸ್ ಕಾರ್ಡ್. ಅದು ನಿನ್ನದಪ್ಪ, ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ವಾಪಸ್ ಕೊಡಿ ಎಂದು ಸ್ಪೀಡ್ ಪೋಸ್ಟಿನಲ್ಲಿ ಬರಿ, ಕೊಡದಿದ್ದರೆ ಅದೇ ಪತ್ರದ ಪ್ರತಿ ಹಿಡಿದು ಪೊಲೀಸ್ ಠಾಣೆಗೆ ಹೋಗು. ಬಹಳ ಕಡೆ ಠಾಣೆಯ ಹೆಸರೆತ್ತಿದ ದಿನವೇ ಮಾರ್ಕ್ಸ್ ಕಾರ್ಡ್ ಬೀರುವಿನಿಂದ ಹೊರಬರುತ್ತದೆ.

ದುಡ್ಡಿನ ವಿಷಯ ಇಷ್ಟು ನೇರವಿಲ್ಲ. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಯಡಿ ಬರುತ್ತವೋ ಇಲ್ಲವೋ ಎಂಬ ಜಗಳ ಹಳೆಯದು. 2020ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ವೃತ್ತಿ ಕೋರ್ಸ್ ನಡೆಸುವವರನ್ನೂ ಸೇರಿಸಿ ಶಿಕ್ಷಣ ಸಂಸ್ಥೆಗಳನ್ನು ಹೊರಗಿಟ್ಟು, ಕೋಚಿಂಗ್ ಸೆಂಟರುಗಳನ್ನು ಮಾತ್ರ ಒಳಗೆ ಉಳಿಸಿತು. ನಿನ್ನ ಎದುರಾಳಿಯ ವಕೀಲರು ಇದನ್ನೇ ಎತ್ತುತ್ತಾರೆ. ಆಗ ನೀನು ಕೇಳಬೇಕಾದದ್ದು: ‘ನೀವು ಶಿಕ್ಷಣ ಸಂಸ್ಥೆಯಾದರೆ ಮಾನ್ಯತೆ ಪತ್ರ ಎಲ್ಲಿ?’ ನಿನ್ನ ರಸೀದಿ ತೆಗೆದು ನೋಡು, ಶೇ 18 ಜಿಎಸ್‌ಟಿ ಹಾಕಿದ್ದಾರೆಯೇ? ಸರ್ಕಾರಿ ಮಾನ್ಯತೆಯ ಐಟಿಐ ಕೋರ್ಸಿಗೆ ಜಿಎಸ್‌ಟಿ ವಿನಾಯಿತಿ ಇದೆ, ವಾಣಿಜ್ಯ ಕೋಚಿಂಗಿಗೆ ಶೇ 18 ಬೀಳುತ್ತದೆ. ತೆರಿಗೆ ಇಲಾಖೆಯ ಮುಂದೆ ವ್ಯಾಪಾರ, ಆಯೋಗದ ಮುಂದೆ ವಿದ್ಯಾದಾನ ಎಂದು ಎರಡು ನಾಲಿಗೆ ಆಡಲು ಬಿಡಬಾರದು. ಇದರಿಂದ ಗೆದ್ದೇ ಬಿಡುತ್ತೀಯ ಅಂತಲ್ಲ, ವಾದಕ್ಕೆ ಬಲ ಬರುತ್ತದೆ.

ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ‘100% ಜಾಬ್ ಗ್ಯಾರಂಟಿ’ ಎಂದಿರುವ ಪಾಂಪ್ಲೆಟ್ ಇದ್ದರೆ ಜೋಪಾನ. ಕೋಚಿಂಗ್ ಕ್ಷೇತ್ರದ ಸುಳ್ಳು ಜಾಹೀರಾತಿನ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ, ಕೆಲಸದ ಸುಳ್ಳು ಭರವಸೆಯೂ ಅದರಲ್ಲಿ ಬರುತ್ತದೆ. ಮೊದಲ ಹೆಜ್ಜೆಗೆ 1915 ಸಹಾಯವಾಣಿ.

ಪ್ರಶ್ನೆ: ಸಕಲೇಶಪುರದಲ್ಲಿ ಡ್ರೈವಿಂಗ್ ಸ್ಕೂಲ್ ಜೊತೆಗೆ ಕಂಪ್ಯೂಟರ್, ಬ್ಯೂಟಿಷಿಯನ್ ತರಬೇತಿ ಶುರು ಮಾಡುವ ಆಸೆ. ಯಾವ ಯಾವ ಲೈಸೆನ್ಸ್ ಬೇಕು ಮೇಡಂ?

ಉತ್ತರ: ಕೇಳಿಕೊಂಡು ಶುರು ಮಾಡುತ್ತಿದ್ದೀರಲ್ಲ, ಸಂತೋಷ. ನಿಮ್ಮ ಮೂರರಲ್ಲಿ ಕಟ್ಟುನಿಟ್ಟಿನ ಲೈಸೆನ್ಸ್ ಇರುವುದು ಡ್ರೈವಿಂಗ್ ಸ್ಕೂಲಿಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 24ನೇ ನಿಯಮದ ಪ್ರಕಾರ ಲೈಸೆನ್ಸ್ ಇಲ್ಲದೆ ದುಡ್ಡು ಪಡೆದು ಡ್ರೈವಿಂಗ್ ಕಲಿಸುವಂತೆಯೇ ಇಲ್ಲ. ಫಾರಂ 12ರಲ್ಲಿ ಅರ್ಜಿ, ಫಾರಂ 11ರಲ್ಲಿ ಲೈಸೆನ್ಸ್, ಐದು ವರ್ಷದ ಅವಧಿ. ಗಾಡಿಗೆ ಡಬಲ್ ಕಂಟ್ರೋಲ್, ಅರ್ಹ ಬೋಧಕರು, ಪಾಠಕ್ಕೊಂದು ಕೋಣೆ, ಕಲಿಯಲು ಬಂದವರ ಹೆಸರಿಗೆ ಫಾರಂ 14ರ ರಿಜಿಸ್ಟರ್. ಆರ್‌ಟಿಒದವರು ಬಂದು ನೋಡುತ್ತಾರೆ.

ಕಂಪ್ಯೂಟರ್ ಮತ್ತು ಬ್ಯೂಟಿಷಿಯನ್‌ಗೆ ಟ್ರೇಡ್ ಲೈಸೆನ್ಸ್, ಅಂಗಡಿ ಕಾಯ್ದೆಯ ನೋಂದಣಿ, ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ, ಅಷ್ಟರಲ್ಲಿ ಬಾಗಿಲು ತೆಗೆಯಬಹುದು. ಪರೀಕ್ಷೆಗಳಿಗೆ ತಯಾರು ಮಾಡುವ ಟ್ಯುಟೋರಿಯಲ್ಲಾದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ನೋಂದಣಿ ಬೇಕು. ನಾಲ್ಕು ಚಕ್ರದ ಗಾಡಿ ಕಲಿಸುವವನಿಗೆ ಇಷ್ಟೆಲ್ಲ ನಿಯಮ, ಒಂದು ಹುಡುಗಿಯ ವರ್ಷವನ್ನೇ ಕೈಗೆ ತೆಗೆದುಕೊಳ್ಳುವವನಿಗೆ ಅಂಗಡಿಯ ನಿಯಮ. ನನಗೆ ಇದು ಇವತ್ತಿಗೂ ಸರಿ ಕಾಣುವುದಿಲ್ಲ.

ಕಾನೂನು ಕೇಳಲಿಲ್ಲ ಎಂದು ನೀವು ಅಷ್ಟಕ್ಕೇ ನಿಲ್ಲಬೇಡಿ. ಕಂಪ್ಯೂಟರಿಗೆ ಕೇಂದ್ರ ಸರ್ಕಾರದ ನೀಲಿಟ್ ಸಂಸ್ಥೆಯ ಕೋರ್ಸುಗಳಿವೆ, ಬ್ಯೂಟಿಷಿಯನ್‌ಗೆ ಆ ಕ್ಷೇತ್ರದ ಕೌಶಲ ಮಂಡಳಿ ಇದೆ. ಅವರ ಮಾನ್ಯತೆ ಪಡೆದರೆ ನಿಮ್ಮಲ್ಲಿ ಕಲಿಯುವ ಮಕ್ಕಳ ಪರೀಕ್ಷೆ ಹೊರಗಿನವರು ಮಾಡುತ್ತಾರೆ.

ಪ್ರಶ್ನೆ: ಮಗಳು ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮಗಳು ಅಲ್ಲಿನ ಖಾಸಗಿ ಸಂಸ್ಥೆಯೊಂದರಲ್ಲಿ ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್ ಸೇರಬೇಕು ಅಂತಿದ್ದಾಳೆ. ಅಲ್ಲೂ ಇಂಥ ಅಂಗಡಿಗಳಿವೆಯೇ? (ಚಿಕ್ಕಮಗಳೂರು)

ಉತ್ತರ: ಧಾರಾಳವಾಗಿವೆ, ಮುಚ್ಚಿಯೂ ಇವೆ. ಕೊರಿಂಥಿಯನ್ ಕಾಲೇಜಸ್ ಎಂಬ ದೊಡ್ಡ ಕಂಪನಿ 2015ರ ಏಪ್ರಿಲ್‌ನಲ್ಲಿ ಉಳಿದಿದ್ದ 28 ಕ್ಯಾಂಪಸ್‌ಗಳಿಗೂ ಒಂದೇ ಸಲ ಬೀಗ ಹಾಕಿದಾಗ ಸುಮಾರು 16,000 ವಿದ್ಯಾರ್ಥಿಗಳು ನಡುದಾರಿಯಲ್ಲಿ ನಿಂತರು. ಆ ಕಾಲೇಜುಗಳಲ್ಲಿ ಓದಿದ 5,60,000 ಮಂದಿಯ 580 ಕೋಟಿ ಡಾಲರ್ ಸಾಲವನ್ನು ಅಲ್ಲಿನ ಕೇಂದ್ರ ಸರ್ಕಾರ 2022ರಲ್ಲಿ ಮನ್ನಾ ಮಾಡಬೇಕಾಯಿತು.

ಆದರೂ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ನನಗೆ ಹೊಟ್ಟೆಕಿಚ್ಚಾಗುವ ಒಂದು ಗುಣವಿದೆ: ಅಲ್ಲಿನ ಲೈಸೆನ್ಸು, ವಿದ್ಯಾರ್ಥಿ ಕಟ್ಟಿದ ಫೀಸಿನ ಹಿಂದೆಯೇ ಹೋಗುತ್ತದೆ. ಇಂಥ ಸಂಸ್ಥೆಗಳಿಗೆಂದೇ 2009ರ ಕಾಯ್ದೆ, ಅದನ್ನು ಜಾರಿ ಮಾಡಲು ಒಂದು ರಾಜ್ಯ ಬ್ಯೂರೋ. ಸಹಿ ಹಾಕಿಸುವ ಮುಂಚೆ, ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳ ಎಷ್ಟು ಎಂಬ ಲೆಕ್ಕದ ಹಾಳೆಯನ್ನು ಸಂಸ್ಥೆ ಕೈಗೆ ಕೊಡಲೇಬೇಕು. ಮೊದಲ ತರಗತಿ ಅಥವಾ ಸೇರಿದ ಏಳನೇ ದಿನ, ಯಾವುದು ತಡವೋ ಅಲ್ಲಿಯವರೆಗೆ ಮನಸ್ಸು ಬದಲಿಸಬಹುದು. ಆಮೇಲೂ ಕೋರ್ಸಿನ ಶೇ 60 ಮುಗಿಯುವುದರೊಳಗೆ ಬಿಟ್ಟರೆ ಓದದ ಪಾಲಿನ ಹಣ ವಾಪಸ್. ಸಂಸ್ಥೆಯೇ ಮುಚ್ಚಿಹೋದರೆ ಆ ರಾಜ್ಯದ ನಿವಾಸಿ ವಿದ್ಯಾರ್ಥಿಗಳಿಗೆ ಪರಿಹಾರ ಕೊಡಲು ಪ್ರತ್ಯೇಕ ನಿಧಿ ಇದೆ. ನಮ್ಮ ಐಟಿಐ ಮಾನದಂಡ ಚದರ ಮೀಟರನ್ನೂ ಕಿಲೋವ್ಯಾಟನ್ನೂ ಅಳೆಯುತ್ತದೆ, ಕಟ್ಟಿದ ಹಣ ಏನಾಯಿತೆಂದು ಕೇಳುವುದಿಲ್ಲ.

ಕೆಲವು ಸಂಸ್ಥೆಗಳಿಗೆ ಆ ಬ್ಯೂರೋದಿಂದ ವಿನಾಯಿತಿ ಉಂಟು, ಅಲ್ಲಿ ಈ ರಕ್ಷಣೆಗಳೆಲ್ಲ ಸಿಗುವುದಿಲ್ಲ. ಆದ್ದರಿಂದ ಮಗಳಿಗೆ ಮೊದಲು ಬ್ಯೂರೋ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು ಹುಡುಕಲು ಹೇಳಿ, ಆಮೇಲೆ ಆ ಲೆಕ್ಕದ ಹಾಳೆ ಕೇಳಲಿ.

ಪ್ರಶ್ನೆ: ಕಂತಿನಲ್ಲಿ ಫೀಸು ಕಟ್ಟುತ್ತೇನೆ ಅಂದರೆ ಬ್ಯೂಟಿಷಿಯನ್ ಕೋರ್ಸಿನವರು ಒಪ್ಪುತ್ತಿಲ್ಲ. ಈ ವಾರ ಪೂರ್ತಿ ಕಟ್ಟಿದರೆ 5,000 ಬಿಡುತ್ತಾರಂತೆ. (ಆಲೂರು)

ಉತ್ತರ: ಆ 5,000ದ ಆಸೆ ಬೇಡಮ್ಮ. ಮುಂದಿನ ಕಂತು ನಿನ್ನ ಕೈಯಲ್ಲಿರುವವರೆಗೆ ಅವರು ಪಾಠ ಮಾಡುತ್ತಾರೆ. ತಿಂಗಳು ತಿಂಗಳು ಕಟ್ಟಿಸಿಕೊಂಡು ಪ್ರತಿಸಲ ರಸೀದಿ ಕೊಡುವವರು ಸಿಕ್ಕರೆ ಸೇರು. ಅದಕ್ಕೂ ಮುಂಚೆ ಹಾಸನದ ಆರ್‌ಸೆಟಿಯಲ್ಲಿ ವಿಚಾರಿಸು. ಬ್ಯಾಂಕಿನವರು ನಡೆಸುವ ತರಬೇತಿ ಕೇಂದ್ರ, ಊಟ ವಸತಿ ಸೇರಿ ಉಚಿತ. ಬ್ಯೂಟಿಷಿಯನ್ ಬ್ಯಾಚ್ ಯಾವಾಗ ಶುರುವಾಗುತ್ತದೆಂದು ಕೇಳಿ ಹೆಸರು ಬರೆಸು. ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ಮತ್ತು ಫೋಟೊ ತೆಗೆದುಕೊಂಡು ಹೋಗು. ಒರಿಜಿನಲ್ ಮನೆಯಲ್ಲೇ ಇರಲಿ.